ಕೆರೆಯ ಪರದೆ

"ಎಡಗಡೆ ಇನ್ನೂ ಸ್ವಲ್ಪ ಎಳಿ ಮಾರಾಯ, ಕೆರೆ ಓರೆಯಾಗಿದೆ" ಎಂದು ಸದಾನಂದ ಕೆಳಗಿನಿಂದ ಕೂಗಿದ. ಸೀನ ಚಾಳಿನ ಮೇಲಿನ ಗ್ಯಾಲರಿಯಿಂದ ಬಗ್ಗಿ ಹಗ್ಗ ಬಿಗಿದ. ಕೆರೆ ಬರೆದ ನಾಟಕದ ಪರದೆ ನೆಟ್ಟಗಾಗಿ ಅಂಗಳದವರೆಗೆ ಇಳಿಬಿತ್ತು. ಅದರ ಮುಂದೆ ಮಲ್ಲವ್ವನ ದೇಹವನ್ನು ಲಿಂಗಾಯತರ ಪದ್ಧತಿಯಂತೆ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಹಿಂದಿನ ಪಾಚಿಗಟ್ಟಿದ ಗೋಡೆ ಕಾಣಬಾರದೆಂದು ಹುಡುಗರು ಪರದೆ ತಂದಿದ್ದರು.

"ಹೆಣದ ಮುಂದ ನಾಟಕ ಹಚ್ಚೀರೇನೋ?" ಎಂದಳು ನೆರೆಮನೆಯ ಶರಣವ್ವ.

"ಮುಂದೆ ಅಲ್ಲ ಅಕ್ಕ, ಹಿಂದೆ" ಎಂದ ಸೀನ ಮೇಲಿನಿಂದ.

"ನಿನ್ನ ಬಾಯಿಗಿಷ್ಟು! ಅಕಿಗೆ ಮೊದಲ ಮಣ್ಣು ಕೊಡಾವ್ರು ಯಾರು ಅನ್ನೂದನ್ನ ನೋಡ್ರಿ. ಮಂತ್ರ ಹೇಳೂ ಅಯ್ನೋರು ಆಗಿಂದ ಕೇಳಾಕತ್ತಾರ."

"ಸಾಂತಾಕ್ರೂಜ್‌ಗೆ ಹೋಗಿ ಹೇಳಿ ಬಂದಿದ್ದೇನೆ" ಎಂದ ಸದಾನಂದ. "ಬಸವಂತಪ್ಪನವರು ಇರಲಿಲ್ಲ. ಅವರ ಹೆಂಡತಿ, ಹೇಳುತ್ತೇನೆ ಅಂದರು."

"ಹೆಂಡ್ತಿ ಮುಂದ ಹೇಳಿ ಬಂದ್ಯಾ? ಶಾಣ್ಯಾ ಇದ್ದಿ ತಮ್ಮಾ. ಬಂದ್ರೂ ಇಕಿಗೆ ಏನಾಗಬೇಕಂತ ಬರ್ತಾನವ?"

ಹುಬ್ಬಳ್ಳಿಯಿಂದ ಕೊಲ್ಹಾಪುರದವರೆಗೆ ಯಾವ ನಾಟಕ ಕಂಪನಿಯ ಪರದೆ ನೋಡಿದರೂ ಬಲಮೂಲೆಯಲ್ಲಿ ಬಸವಂತಪ್ಪನವರ ಹೆಸರು ಇರುತ್ತಿತ್ತು. ಈಗ ಅವರು ಸಿನೆಮಾ ಸ್ಟುಡಿಯೊಗಳಿಗೂ ಬೇಕಾದವರು. ಮೊದಲು ಮುಂಬಯಿಯ ಧಾರಾವಿಯ ಈ ಸಾಲುಕೋಣೆಗಳ ಚಾಳಿನಲ್ಲೇ ಮಲ್ಲವ್ವನ ಜೊತೆ ಇದ್ದರು. ತಾಳಿ ಕಟ್ಟಿರಲಿಲ್ಲ. ಹೆಂಡತಿ ಊರಿನಿಂದ ಬಂದ ಮೇಲೆ ಸಾಂತಾಕ್ರೂಜ್‌ನಲ್ಲಿ ಬಂಗಲೆ ಮಾಡಿಕೊಂಡು ಹೋದರು. ಆಮೇಲೂ ಬಟ್ಟೆಯ ಗಂಟು ಕೈಗಾಡಿಯಲ್ಲಿ ಮಲ್ಲವ್ವನ ಬಾಗಿಲಿಗೆ ಬರುತ್ತಿತ್ತು. ಬಣ್ಣ ತುಂಬಿದ ಪರದೆಯಾಗಿ ವಾಪಸು ಹೋಗುತ್ತಿತ್ತು.

*

ಸದಾನಂದ ಫೋರ್ಟಿನ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವನು. ರಾತ್ರಿಶಾಲೆಯಲ್ಲಿ ಓದುತ್ತ, ಶಾಲೆಯ ವಾರ್ಷಿಕೋತ್ಸವಕ್ಕೆಂದು ಮಲ್ಲವ್ವನ ಕತೆಯನ್ನೇ ನಾಟಕ ಮಾಡಿದ್ದ. ಬರೆಯಬಹುದೇ ಎಂದು ಕೇಳಿಯೇ ಬರೆದಿದ್ದ. ಆದರೂ ಅಳುಕಿತ್ತು. ತಿಂಗಳ ಹಿಂದೆ ಕೊನೆಯ ದೃಶ್ಯವನ್ನು ಆಕೆಯ ಹೊಸ್ತಿಲಲ್ಲಿ ಕುಳಿತು ಓದಿ ಹೇಳಿದ. ನಾಯಕಿ ಪ್ರಿಯಕರನ ಕಾಲು ಹಿಡಿದು, 'ನನ್ನ ಹೆಸರು ನನಗೆ ಕೊಡು' ಎಂದು ಅಳುತ್ತಾಳೆ.

ಮಲ್ಲವ್ವ ಡಬ್ಬಿಯಲ್ಲಿ ನೀಲಿ ಕದಡುತ್ತಿದ್ದವಳು ನಕ್ಕುಬಿಟ್ಟಳು.

"ಎಪ್ಪಾ, ಅಳಾಕ ನಂಗ ಹೊತ್ತರೆ ಎಲ್ಲಿತ್ತು? ಬಣ್ಣ ಒಣಗೂದ್ರಾಗ ಪರದಿ ಮ್ಯಾಲಿನ ನೀರು ಬರದು ಮುಗಸಬೇಕು. ಅಳಕೋತ ಕುಂತ್ರ ಬಣ್ಣಕ್ಕ ಕಲಿ ಬೀಳ್ತದ."

"ಹಾಗಾದರೆ ನಾನು ಎಲ್ಲಿ ಅಳುವುದು?" ಎಂದ ಜೊತೆಗಿದ್ದ ಸೀನ. ನಾಯಕಿಯ ಪಾತ್ರ ಅವನದು. "ಅಳುವುದನ್ನು ನೋಡಲಿಕ್ಕೇ ಅಲ್ಲವಾ ಜನ ಬರುವುದು?"

"ನೀ ಅಳಪಾ, ಯಾರು ಬ್ಯಾಡಂದ್ರು? ನಾ ಅತ್ತಿಲ್ಲಂತ ಹೇಳಿದೆ, ಅಷ್ಟ."

ನಾಟಕಕ್ಕೆ ಪರದೆಯನ್ನು ತಾನೇ ಬರೆದುಕೊಡುತ್ತೇನೆಂದಳು. ಬೆಳಗಿನ ಕೆರೆ, ಮೆಟ್ಟಿಲು, ನೀರಿನೊಳಗೆ ನಡುಗುವ ಒಂದು ಮರ. ಮುಗಿದ ದಿನ ಸದಾನಂದ ಬಲಮೂಲೆ ತೋರಿಸಿ, ಇಲ್ಲಿ ನಿಮ್ಮ ಹೆಸರು ಹಾಕಿ ಎಂದ. ಆಕೆ ಕೈ ಒರೆಸಿಕೊಂಡಳು.

"ಬ್ಯಾಡ. ನಾಟಕಕ್ಕ ಅವರನ್ನ ಕರೀರಿ. ಹೆಸರಿಲ್ಲದಿದ್ರೂ ನೀರು ನೋಡಿದ ಕೂಡಲೆ ಇದು ಯಾರ ಕೈ ಅಂತ ಅವರಿಗೆ ಗುರ್ತು ಸಿಗ್ತದ. ಗುರ್ತು ಹಿಡೀವಾಗ ಅವರ ಮಾರಿ ನಾ ನೋಡಬೇಕು."

ನಾಟಕ ಬರುವ ಭಾನುವಾರವಿತ್ತು. ಮಲ್ಲವ್ವ ಬುಧವಾರ ಜ್ವರದಲ್ಲಿ ಹೋದಳು.

*

ಮಧ್ಯಾಹ್ನ ಮಳೆ ನಿಂತಾಗ ಗಲ್ಲಿಯ ಬಾಯಲ್ಲಿ ಒಂದು ಕಾರು ನಿಂತಿತು. ಬಸವಂತಪ್ಪ ಧೋತರದ ಚುಂಗು ಎತ್ತಿ ಹಿಡಿದು ಕೆಸರು ದಾಟಿ ಬಂದರು. ಜನ ದಾರಿ ಬಿಟ್ಟರು. ಅವರು ಮಾಲೆ ಹಾಕಿ ಕೈಮುಗಿದರು. ತಲೆ ಎತ್ತಿದಾಗ ಪರದೆ ಕಂಡಿತು. ನೋಡುತ್ತ ನಿಂತುಬಿಟ್ಟರು.

ಸದಾನಂದ ಮಲ್ಲವ್ವನ ಪರವಾಗಿ ಎಂಬಂತೆ ಅವರ ಮುಖವನ್ನೇ ನೋಡಿದ.

"ನೀರು ನೋಡ್ರಿ, ಹೆಂಗ ಬಂದದ" ಎಂದರು ಬಸವಂತಪ್ಪ, ಮುಖ ಅರಳಿ. "ಇದು ನಾ ಮಿರಜದ ಕಂಪನಿಗೆ ಬರದದ್ದು. ನಿಮಗೆಲ್ಲಿ ಸಿಕ್ತಿದು?"

ಅವರು ಹೂವಿನ ರಾಶಿಯನ್ನು ಪಕ್ಕಕ್ಕೆ ಸರಿಸಿ, ಬಗ್ಗಿ, ಬಲಮೂಲೆಯಲ್ಲಿ ತಮ್ಮ ಹೆಸರು ಹುಡುಕಿದರು.

"ಅದು ಹೋದ ವಾರ ಮಲ್ಲವ್ವಕ್ಕ ಬರೆದದ್ದು ಸರ್" ಎಂದ ಸೀನ. "ಮುಟ್ಟಿ ನೋಡಿ. ಈ ಥಂಡಿಗೆ ಬಣ್ಣ ಇನ್ನೂ ಸರಿಯಾಗಿ ಒಣಗಿಲ್ಲ."

ಬಸವಂತಪ್ಪ ಮುಟ್ಟಿದರು. ಬೆರಳು ನೀಲಿಯಾಯಿತು. ಅದನ್ನು ನೋಡಿದರು, ಮತ್ತೆ ಕೆರೆಯನ್ನು ನೋಡಿದರು.

"ಪರದಿ ನಂದು ಅಂದ" ಎಂದು ಶರಣವ್ವ ಪಕ್ಕದವಳ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಇಕಿ ಯಾರಂತ ಅನಲಿಲ್ಲ, ನೋಡಿದಿ?"

ಬಸವಂತಪ್ಪ ತಿರುಗಿ ಹೋಗಬಹುದೆಂದು ಸದಾನಂದ ಅಂದುಕೊಂಡಿದ್ದ. ಅವರು ಹೋಗಲಿಲ್ಲ. ಕಾರನ್ನು ಅಲ್ಲೇ ಬಿಟ್ಟು ಎಲ್ಲರ ಹಿಂದೆ ನಡೆದು ಬಂದರು.

ರುದ್ರಭೂಮಿಯಲ್ಲಿ ಮಲ್ಲವ್ವನನ್ನು ಕುಣಿಯೊಳಗೆ ಇಳಿಸಿ ಕೂರಿಸಿದರು. ಅಯ್ನೋರು ಮಂತ್ರ ಮುಗಿಸಿ ಸುತ್ತ ನೋಡಿದರು.

"ಮೊದಲ ಮಣ್ಣು ಹತ್ತಿರದವರು ಕೊಡಬೇಕ್ರಿ. ಯಾರದೀರಿ?"

ಬಸವಂತಪ್ಪ ಮುಂದೆ ಬಂದು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡರು.

"ನೀವು ಇವರಿಗೆ ಏನಾಗಬೇಕ್ರಿ?"

"ನನ್ನ ಹೆಸರಿನ ಪರದಿ ಅವಲ್ರೀ..." ಅವರು ತಮ್ಮ ನೀಲಿ ಬೆರಳು ನೋಡಿಕೊಂಡರು. "ಅವನ್ನೆಲ್ಲಾ ಇಕೀನ ಬರದಾಳ್ರಿ."

ಸದಾನಂದ ತಲೆ ಎತ್ತಿದ. ಅಯ್ನೋರಿಗೆ ಅರ್ಥವಾಗಲಿಲ್ಲ.

"ಅದಿರಲ್ರೀ. ಸಂಬಂಧ ಏನು?"

ಬಸವಂತಪ್ಪ ಕುಣಿಯ ಅಂಚಿನಲ್ಲಿ ನಿಂತೇ ಇದ್ದರು. ಸೀನ, ಸದಾನಂದ, ಶರಣವ್ವ, ಚಾಳಿನವರೆಲ್ಲ ತಂತಮ್ಮ ಹಿಡಿಯಲ್ಲಿ ಹಸಿಮಣ್ಣು ಹಿಡಿದು, ಅವರದು ಮೊದಲು ಬೀಳಲೆಂದು ಸಾಲಾಗಿ ಕಾಯುತ್ತಿದ್ದರು. ಬಸವಂತಪ್ಪನವರ ಮುಷ್ಟಿ ಮಾತ್ರ ಬಿಚ್ಚಲಿಲ್ಲ.