ಜಾಮ್ ಜಾಡಿಯ ಮೇಣ

ಸ್ಟೆಫಾಳ ಕೈ ಗಲೀಜು ಎಂದು ಡಾಕ್ಟರ್ ಹೌಗೆನ್ ಇಡೀ ಪ್ರಯೋಗಾಲಯದ ಎದುರು ಹೇಳಿಬಿಟ್ಟರು. ಇಪ್ಪತ್ತೊಂದು ವರ್ಷ ದುಡಿದವಳಿಗೆ ಆಡುವ ಮಾತೇ ಅದು!

ದನಗಳ ರಕ್ತದಲ್ಲಿ ರೋಗಾಣುವಿನ ಡಿಎನ್‌ಎ ಚೂರನ್ನು ಹುಡುಕಿ, ಅದನ್ನು ಕೋಟಿಗಟ್ಟಲೆ ನಕಲು ಮಾಡಿ ತೋರಿಸುವುದು ಅವಳ ಕೆಲಸ. ಕೊನೆಗೆ ನಕಲುಗಳನ್ನು ಹರಿಯಬಿಟ್ಟ ಜೆಲ್ ಎಂಬ ಲೋಳೆಹಾಳೆಯ ಮೇಲೆ ಒಂದೇ ಗೆರೆ ಹೊಳೆಯಬೇಕು. ಏಳೆಂಟು ಹೊಳೆಯುತ್ತಿದ್ದವು, ಬೇಡದ ಚೂರುಗಳೂ ನಕಲಾಗುತ್ತಿದ್ದವು. ಅದಕ್ಕೆ ಅವಳ ಕೈಯೇ ಕಾರಣ ಎಂದು ಡಾಕ್ಟರ್ ಹಟ ಹಿಡಿದಿದ್ದರು.

"ಶುಕ್ರವಾರದವರೆಗೆ ನೋಡ್ತೀನಿ. ಆಮೇಲೆ ಈ ಪರೀಕ್ಷೆ ಟೊರೊಂಟೊ ಲ್ಯಾಬಿನವರಿಗೆ. ನೀವು ಸೀಸೆ ತೊಳ್ಕೊಂಡಿರಿ."

"ಸುಮ್ಸುಮ್ನೆ ನನ್ ಮೇಲೆ ಗೂಬೆ ಕೂರಿಸ್ಬೇಡಿ ಡಾಕ್ಟ್ರೇ!"

ಕೆನಡಾದ ಸಾಸ್ಕಟೂನ್‌ನ ಆ ಪ್ರಯೋಗಾಲಯದಲ್ಲಿ ಹತ್ತು ಗಂಟೆಯ ಕಾಫಿ ಅಂದರೆ ವ್ರತ. ನಳಿಕೆಗಳಿಗೆ ಎಲ್ಲ ಬೆರೆಸಿಟ್ಟು, ಕಾಫಿ ಮುಗಿಸಿ ಬಂದು ಅವನ್ನು ಕಾಯಿಸುವ ಯಂತ್ರಕ್ಕಿಡುವುದು ರೂಢಿ. ಅಂದು ಸಿಟ್ಟಿಗೆ ಸ್ಟೆಫಾ ಕಾಫಿಗೆ ಹೋಗಲಿಲ್ಲ. ನಳಿಕೆಗಳನ್ನು ನೇರ ಯಂತ್ರಕ್ಕಿಟ್ಟಳು. ಸಂಜೆ ನೋಡಿದರೆ ಮೂರೇ ಗೆರೆ!

ಕೈ ಅದೇ, ನೀರು ಅದೇ. ಬಿಟ್ಟದ್ದು ಕಾಫಿ ಮಾತ್ರ. ಅಂದರೆ ಇವರೆಲ್ಲ ಹರಟುತ್ತಿದ್ದಾಗ ನಕಲು ಮಾಡುವ ಕಿಣ್ವ ತಣ್ಣಗಿನ ನಳಿಕೆಯಲ್ಲೇ ಕೆಲಸ ಶುರು ಮಾಡಿ, ಸಿಕ್ಕಿದ್ದಕ್ಕೆಲ್ಲ ಕೈ ಹಾಕುತ್ತಿತ್ತು. ನಳಿಕೆ ಚೆನ್ನಾಗಿ ಕಾಯುವವರೆಗೆ ಅದನ್ನು ದೂರ ಇಡಬೇಕು. ಹೇಗೆ?

ಮರುದಿನ ಬೆಳಿಗ್ಗೆ ಬ್ರೆಡ್ಡಿಗೆಂದು ತಾನೇ ಮಾಡಿದ ಬೆರ್ರಿ ಜಾಮಿನ ಜಾಡಿ ತೆಗೆದಳು. ಕೆಡದಿರಲೆಂದು ಮೇಲೆ ಹೊಯ್ದಿದ್ದ ಮೇಣವನ್ನು ಚಾಕುವಿನಿಂದ ಎಬ್ಬಿಸುತ್ತಿದ್ದವಳು ಹಾಗೇ ನಿಂತುಬಿಟ್ಟಳು.

"ಅಯ್ಯೋ ನನ್ ದಡ್ಡ ತಲೆಯೇ!"

ಶುಕ್ರವಾರ ಪ್ರತಿ ನಳಿಕೆಯಲ್ಲೂ ಕೆಳಗೆ ಕಿಣ್ವ ಬಿಟ್ಟು ಉಳಿದದ್ದೆಲ್ಲ, ನಡುವೆ ತೆಳ್ಳನೆಯ ಮೇಣ, ಮೇಲೆ ಕಿಣ್ವ. ಕಾದರೆ ಮೇಣ ಕರಗಿ ಎರಡೂ ಸೇರಬೇಕು, ಅದಕ್ಕೆ ಮುಂಚೆ ಇಲ್ಲ. ಅಷ್ಟು ಮಾಡಿ, ನಳಿಕೆಗಳನ್ನು ಮೇಜಿನ ಮೇಲೇ ಬಿಟ್ಟು ಕಾಫಿಗೆ ಹೊರಟಳು.

ಕಾಫಿಯ ಹೊತ್ತಿನಲ್ಲೇ ಪರೀಕ್ಷೆ ಕೆಡುತ್ತಿದೆಯೆಂದು ಅವಳಿಂದಲೇ ಕೇಳಿದ್ದ ಡಾಕ್ಟರ್ ಹೌಹಾರಿದರು. "ಅದನ್ನ ಯಂತ್ರಕ್ಕಿಡಿ ಮೊದ್ಲು!"

"ಅವಸರ ಏನಿದೆ? ಇನ್ನೊಂದು ಕಪ್ ಆಗ್ಲಿ." ಬೇಕೆಂದೇ ಒಂದು ಗಂಟೆ ಕೂತಳು. ಕಣ್ಣು ಮಾತ್ರ ಗಡಿಯಾರದ ಮೇಲೇ ಇತ್ತು.

ಸಂಜೆ ದೀಪದಡಿ ಜೆಲ್ ಇಟ್ಟಾಗ ಎಲ್ಲರೂ ಸುತ್ತ ನಿಂತಿದ್ದರು. ರೋಗದ ದನಗಳ ಸಾಲಿನಲ್ಲಿ ಒಂದೊಂದೇ ಕಿತ್ತಳೆ ಗೆರೆ. ಒಂದೇ! ಉಳಿದ ದನಗಳ ಸಾಲು ಖಾಲಿ. ಸ್ಟೆಫಾಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

ಅವಳು ಎರಡೂ ಅಂಗೈ ಬಿಡಿಸಿ ಡಾಕ್ಟರ ಮೂಗಿನ ಮುಂದೆ ಹಿಡಿದಳು. "ಇನ್ನೊಂದ್ಸಲ ನೋಡಿ ಹೇಳಿ ಡಾಕ್ಟ್ರೇ. ಎಲ್ರಿಗೂ ಕೇಳೋ ಹಾಗೆ."

ಡಾಕ್ಟರ್ ಕನ್ನಡಕ ಒರೆಸಿಕೊಂಡರು. "ತಪ್ಪಾಯ್ತು ಸ್ಟೆಫಾ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಟೊರೊಂಟೊದವರಿಗೆ ಬೇಡವೆನ್ನಲು ಫೋನಿನತ್ತ ನಡೆದರು.