ವಾಚಾಳಿಯ ಬಲಗೈ

ಆ ಲಾಂಡ್ರಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವನು ಹುಟ್ಟುಕಿವುಡ. ಅದಕ್ಕೇ ಅವನಿಗೆ ವಾಚಾಳಿ ಅಂತ ಹೆಸರು ಬಿದ್ದಿತ್ತು. ತಮಾಷೆಗೆ ಇಟ್ಟ ಹೆಸರಾದರೂ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟುಗಳನ್ನು ರಾಶಿಗಟ್ಟಲೆ ಒಗೆಯುವ ಶೆಡ್ಡು ಅದು. ಯಂತ್ರಗಳು ಶುರುವಾದವೆಂದರೆ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸುತ್ತಿರಲಿಲ್ಲ. ಸಂಜೆಯವರೆಗೆ ಅಲ್ಲಿ ಎಲ್ಲರೂ ಕಿವುಡರೇ. ಹಾಗಾಗಿ ಕೈಮಾತು ಬಲ್ಲವನೇ ಅಲ್ಲಿ ರಾಜ. ಹೊಸದಾಗಿ ಸೇರಿದವರು ತಿಂಗಳೊಳಗೆ ಅವನಿಂದ ನಾಲ್ಕು ಮಾತು ಕಲಿಯುತ್ತಿದ್ದರು, ಮೊದಲು ಕಲಿಯುತ್ತಿದ್ದುದು ಬೈಗುಳ.

ಇಸ್ತ್ರಿ ಮೇಜಿನ ಕಡೆ ಕೆಲಸಕ್ಕೆ ಬಂದ ಹುಡುಗಿಯೂ ಹಾಗೇ ಕಲಿತಳು. ಅವಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ಆ ಶೆಡ್ಡಿನಲ್ಲಿ ಅವಳನ್ನು ನಗಿಸಿದವನು ಅವನೊಬ್ಬನೇ. ಮೇಸ್ತ್ರಿ ನಡೆಯುವ ರೀತಿ, ಮೇಸ್ತ್ರಿ ತಲೆ ಕೆರೆಯುವ ರೀತಿ, ಮಾಲೀಕರು ಬಂದಾಗ ಮೇಸ್ತ್ರಿಯ ಬೆನ್ನು ಬಾಗುವ ರೀತಿ, ಎಲ್ಲವನ್ನೂ ಅವನು ಹತ್ತು ಬೆರಳಲ್ಲೇ ಆಡಿ ತೋರಿಸುತ್ತಿದ್ದ. ಮದುವೆ ಮಾತು ಬಂದಾಗ ಅವಳ ಅಮ್ಮ, "ಕಿವುಡನ್ನ ಕಟ್ಕೊಂಡು ಜೀವನಪೂರ್ತಿ ಮೂಕಿ ಹಾಗೆ ಇರ್ತೀಯೇನೇ?" ಅಂತ ಅತ್ತರು. ಮದುವೆಯಾದ ಮೇಲೆ ಒಮ್ಮೆ ಮಗಳ ಮನೆಯಲ್ಲಿ ಎರಡು ದಿನ ಇದ್ದು ಹೋದವರು, "ಅಯ್ಯೋ, ನಿನ್ನ ಗಂಡಂದು ಬಾಯಿ ಮುಚ್ಚಿಸೋದು ಹೆಂಗೆ ಮಾರಾಯ್ತಿ! ಊಟಕ್ಕೆ ಕೂತ್ರೂ ಕೈ ನಿಲ್ಲಲ್ವಲ್ಲ" ಅಂದರು.

ಕೈಮಾತಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಬೆರಳು ತೋರಿಸಿದರೆ ಮುಗಿಯಿತು. ಬೇರೆಯವರ ಮುಂದೆ 'ನಮ್ಮನೆಯವರು' ಎನ್ನುತ್ತಿದ್ದ ಅವಳು ಮನೆಯಲ್ಲಿ ಗಂಡನ ಎದೆಗೇ ಬೆರಳಿಟ್ಟು ಜಗಳವಾಡುತ್ತಿದ್ದಳು. ಜಗಳ ಅತಿಯಾದರೆ ಅವನು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದ. ಕಿವುಡನಾದವನಿಗೆ ಕಣ್ಣು ಮುಚ್ಚುವುದೆಂದರೆ ಕಿವಿಗೆ ಹತ್ತಿ ತುರುಕಿದ ಹಾಗೆ. ಆಗ ಅವಳು ಕಚಗುಳಿಯಿಟ್ಟು ಕಣ್ಣು ತೆರೆಸಬೇಕಾಗುತ್ತಿತ್ತು.

ನೀರು ಹಿಂಡುವ ಯಂತ್ರದ ಮುಚ್ಚಳದ ಕೊಂಡಿ ಕೆಟ್ಟು ಬಹಳ ದಿನವಾಗಿತ್ತು. ಡ್ರಮ್ಮು ಪೂರ್ತಿ ನಿಲ್ಲುವ ಮೊದಲೇ ಮುಚ್ಚಳ ತೆರೆದುಕೊಳ್ಳುತ್ತಿತ್ತು. ಎಲ್ಲರಿಗೂ ಅದು ಗೊತ್ತು, ಎಲ್ಲರಿಗೂ ಅವಸರ. ಒಂದು ಬೆಳಗ್ಗೆ ವಾಚಾಳಿ ಒಳಗೆ ಕೈ ಹಾಕಿದಾಗ ಒದ್ದೆ ಬೆಡ್‌ಶೀಟೊಂದು ಮಣಿಕಟ್ಟಿಗೆ ಸುತ್ತಿಕೊಂಡಿತು. ತಿರುಗುತ್ತಿದ್ದ ಡ್ರಮ್ಮು ಅವನನ್ನು ಭುಜದವರೆಗೆ ಒಳಗೆ ಎಳೆದುಕೊಂಡಿತು. ಇಸ್ತ್ರಿ ಮೇಜಿನಿಂದ ಅವಳು ನೋಡುತ್ತಲೇ ಇದ್ದಳು. ಅವನ ಬಾಯಿ ತೆರೆದದ್ದು ಕಂಡಿತು, ದನಿ ಕೇಳಿಸಲಿಲ್ಲ. ಯಾರೋ ಮೇನ್ ಸ್ವಿಚ್ಚು ಆರಿಸಿದ ಮೇಲೆ ಶೆಡ್ಡೆಲ್ಲ ಒಮ್ಮೆಗೇ ಸ್ತಬ್ಧವಾಯಿತು, ಆಗಷ್ಟೇ ಆ ಕೂಗು ಅವಳ ಕಿವಿಗೆ ಬಿತ್ತು. ಗಂಡನ ದನಿ ಅಷ್ಟು ದೊಡ್ಡದೆಂದು ಅವಳಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಮೂಳೆ ಮುರಿದಿರಲಿಲ್ಲ, ಚರ್ಮ ಒಂದಿಷ್ಟು ತರಚಿತ್ತು ಅಷ್ಟೇ. ನೋಡಿದವರೆಲ್ಲ ದೊಡ್ಡದರಲ್ಲಿ ಹೋಗುವುದು ಸಣ್ಣದರಲ್ಲಿ ಹೋಯಿತು ಅಂದರು. ಆದರೆ ಬಲಗೈ ಭುಜದಿಂದ ಬೆರಳ ತುದಿಯವರೆಗೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಚಿವುಟಿದರೆ ತಿಳಿಯುತ್ತಿರಲಿಲ್ಲ. ವಿಚಿತ್ರವೆಂದರೆ, ಏನೂ ತಿಳಿಯದ ಆ ಕೈಯೊಳಗೇ ಬೆಂಕಿ ಹೊತ್ತಿಕೊಂಡಂತಹ ಉರಿ.

ಸರ್ಜನ್ ಅವಳನ್ನು ಕೂರಿಸಿಕೊಂಡು ಹೇಳಿದರು. "ನೋಡಮ್ಮ, ಕುತ್ತಿಗೆಯಿಂದ ಕೈಗೆ ಇಳಿಯೋ ನರಗಳು ಬುಡಸಮೇತ ಕಿತ್ತು ಬಂದಿವೆ. ಮಧ್ಯದಲ್ಲಿ ತುಂಡಾಗಿದ್ರೆ ಜೋಡಿಸಬಹುದಿತ್ತು. ಈಗ ಪಕ್ಕೆಲುಬಿನ ಸಂದಿಯಿಂದ, ಉಸಿರಾಟಕ್ಕೆ ಕೆಲಸ ಮಾಡೋ ನರ ತಂದು ತೋಳಿನ ಸ್ನಾಯುಗೆ ಕೂಡಿಸ್ತೀವಿ. ಅದು ಚಿಗುರಿದ್ರೆ ಮೊಣಕೈ ಮಡಚಬಹುದು. ತಿಂಗಳುಗಟ್ಟಲೆ ಹಿಡಿಯುತ್ತೆ."

"ಬೆರಳು ಸಾರ್?"

"ಬೆರಳಿನ ಆಸೆ ಬಿಟ್ಬಿಡಿ."

ಮಂಚದ ಮೇಲಿದ್ದವನು ಇಬ್ಬರ ಮುಖವನ್ನೂ ನೋಡುತ್ತಿದ್ದ. ಸರ್ಜನ್ ಮುಖದ ಮೇಲೆ ಮಾಸ್ಕು ಇತ್ತು. ಹಾಗಾಗಿ ತುಟಿ ಓದುವಂತಿರಲಿಲ್ಲ. ಅವಳು ಎಲ್ಲವನ್ನೂ ಕೈಯಲ್ಲಿ ಹೇಳಿದಳು, ಬುಡಸಮೇತ ಕಿತ್ತದ್ದು, ಪಕ್ಕೆಲುಬಿನ ನರ, ಮೊಣಕೈ. ಅವನು ಎಡಗೈಯನ್ನು ಎತ್ತಿ ಬೆರಳುಗಳನ್ನು ಆಡಿಸಿ ಹುಬ್ಬು ಹಾರಿಸಿದ. ಬೆರಳು?

ಅವಳು ತನ್ನ ಮೊಣಕೈ ಮುಟ್ಟಿದಳು. "ಮೊದಲು ಮೊಣಕೈ," ಅಂದಳು. "ಆಮೇಲೆ ಬೆರಳು. ನಿಧಾನ ಆಗುತ್ತೆ."

ಅವನು ತಲೆಯಾಡಿಸಿ ಕಣ್ಣೊರೆಸಿಕೊಂಡ. ಆ ಹೊತ್ತಿಗೆ ಒಳ್ಳೆಯದೇ ಮಾಡಿದೆನೆಂದು ಅವಳಿಗೆ ಅನಿಸಿತು. ಧೈರ್ಯ ಬಂದ ಮೇಲೆ ನಿಜ ಹೇಳಿದರಾಯಿತು ಅಂದುಕೊಂಡಳು. ಧೈರ್ಯ ಬರಬೇಕಾದ್ದು ಅವನಿಗೋ ತನಗೋ ಎಂದು ಯೋಚಿಸಲಿಲ್ಲ.

ಆಪರೇಷನ್ ಆಯಿತು. ಗಾಯ ಮಾಗಿತು. ಆಮೇಲೆ ಫಿಸಿಯೋಥೆರಪಿ ಶುರುವಾಯಿತು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಉದ್ದನೆಯ ಕೋಣೆ. ಗೋಡೆಗೆ ಏಣಿಯಂಥ ಮರದ ಪಟ್ಟಿಗಳು, ಮೂಲೆಯಲ್ಲಿ ರಬ್ಬರ್ ಚೆಂಡುಗಳ ಬುಟ್ಟಿ, ಕರೆಂಟ್ ಕೊಡುವ ಪುಟ್ಟ ಪೆಟ್ಟಿಗೆ. ಅಲ್ಲಿನ ಮೇಡಂ ಗಟ್ಟಿಗಿತ್ತಿ. ರೋಗಿಗಳನ್ನು ನಗಿಸುತ್ತ ನೋಯಿಸುವ ಜಾಣ್ಮೆ ಅವರಿಗಿತ್ತು. ಕಿವುಡನೆಂದು ತಿಳಿದ ಮೇಲೂ ಅವನಿಗೆ ಕೂಗಿ ಕೂಗಿ ಹೇಳುತ್ತಿದ್ದರು, ಅವನು ನಗುತ್ತಿದ್ದ. ಅವರು ಅವನ ಸತ್ತ ಕೈಯ ಒಂದೊಂದೇ ಕೀಲನ್ನು ಬಿಡಿಸಿ ಮಡಚುತ್ತಿದ್ದರು. ತೋಳಿಗೆ ಕರೆಂಟ್ ಕೊಟ್ಟಾಗ ಸ್ನಾಯು ಮೀನಿನ ಹಾಗೆ ಮಿಸುಕುತ್ತಿತ್ತು.

"ಇದನ್ನೆಲ್ಲ ಮನೇಲೂ ದಿನಾ ಮಾಡ್ಬೇಕಮ್ಮ," ಅನ್ನುತ್ತಿದ್ದರು. "ನರ ಬಂದು ಬಾಗಿಲು ತಟ್ಟೋ ಹೊತ್ತಿಗೆ ಕೀಲುಗಳು ತುಕ್ಕು ಹಿಡಿದಿದ್ರೆ ಏನು ಪ್ರಯೋಜನ?"

ಅವಳು ಮಾಡುತ್ತಿದ್ದಳು. ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅವನ ಒಂದೊಂದು ಬೆರಳನ್ನೂ ಮಡಚಿ ಬಿಡಿಸುತ್ತಿದ್ದಳು. ಅವನು ಹಲ್ಲು ಕಚ್ಚಿಕೊಂಡು ಉಸಿರೆಳೆದು, ಎದೆ ಉಬ್ಬಿಸಿ, ಮೊಣಕೈಯನ್ನೇ ದಿಟ್ಟಿಸುತ್ತಿದ್ದ. ಹಟ ಅಂದರೆ ಅವನದು. ಹತ್ತು ಸಲ ಹೇಳಿದರೆ ಇಪ್ಪತ್ತು ಸಲ ಮಾಡುತ್ತಿದ್ದ. ಬೆರಳು ಬರುತ್ತದಲ್ಲ, ಅದಕ್ಕೆ.

ಮಾತು ಮಾತ್ರ ಕುಂಟತೊಡಗಿತ್ತು. ಅವನ ಮಾತಿನಲ್ಲಿ ಬಲಗೈ ಹೇಳುವುದು, ಎಡಗೈ ಅದಕ್ಕೆ ನೆಲವಾಗುವುದು. ಈಗ ನೆಲವೊಂದೇ ಉಳಿದಿತ್ತು. ಎಡಗೈ ಒಂದರಲ್ಲೇ ಹೇಳಿದ್ದು ಅವಳಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಊಹೆ. "ಏನು?" ಅಂದರೆ ಮತ್ತೊಮ್ಮೆ ಹೇಳುತ್ತಿದ್ದ. ಮತ್ತೆ "ಏನು?" ಅಂದರೆ ಕೈ ಕೊಡವಿ ಬಿಟ್ಟುಬಿಡುತ್ತಿದ್ದ. ಲಾಂಡ್ರಿಯ ಗೆಳೆಯರು ನೋಡಲು ಬಂದ ದಿನ ಅವನು ಮೇಸ್ತ್ರಿಯ ನಕಲು ಮಾಡಹೊರಟ. ಮೊದಲಿನ ಹಾಗೇ ಎಲ್ಲರೂ ನಗಲು ಸಿದ್ಧರಾಗಿ ಕೂತರು. ನಕಲು ಅರ್ಧಕ್ಕೆ ಬಂದರೂ ಯಾರಿಗೂ ತಲೆಬುಡ ತಿಳಿಯಲಿಲ್ಲ. ಪಾಪ, ಒಬ್ಬ ಸುಮ್ಮನೆ ಜೋರಾಗಿ ನಕ್ಕುಬಿಟ್ಟ. ತಪ್ಪು ಜಾಗದಲ್ಲಿ ನಕ್ಕಿದ್ದ. ವಾಚಾಳಿ ಅವನ ಮುಖವನ್ನೇ ನೋಡಿದ, ಆಮೇಲೆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ಉರಿ ತಡೆಯಲಾರದ ಒಂದು ದಿನ ಮೇಡಂ ಕನ್ನಡಿಯ ಪೆಟ್ಟಿಗೆ ತಂದರು. ಬಲಗೈಯನ್ನು ಕನ್ನಡಿಯ ಹಿಂದೆ ಬಚ್ಚಿಟ್ಟು ಎಡಗೈಯನ್ನು ಮುಂದೆ ಆಡಿಸಿದರೆ, ನೋಡುವವನಿಗೆ ಎರಡೂ ಕೈ ಆಡಿದಂತೆ ಕಾಣುತ್ತದೆ. "ಮೆದುಳಿಗೆ ಸ್ವಲ್ಪ ಮೋಸ ಮಾಡೋಣ, ಉರಿ ತಗ್ಗಬಹುದು," ಅಂದರು.

ಅವನು ಎಡಗೈಯನ್ನು ಮುಚ್ಚಿದ, ಬಿಚ್ಚಿದ. ಕನ್ನಡಿಯಲ್ಲಿ ಬಲಗೈ ಮುಚ್ಚಿತು, ಬಿಚ್ಚಿತು. ಅವನ ಬಾಯಿ ಅರೆತೆರೆದು ಹಾಗೇ ನಿಂತಿತು. ಆಮೇಲೆ ಅವನು ಮಾತಾಡಲು ಶುರುಮಾಡಿದ. ಎರಡೂ ಕೈಯಲ್ಲಿ, ಸರಸರ, ಅವಳಿಗೆ ಎಂದೂ ಅಷ್ಟು ವೇಗವಾಗಿ ಹೇಳಿರಲಿಲ್ಲ. ಎದುರಿಗೆ ಕೂತಿದ್ದ ಅವಳಿಗೆ ಕಂಡದ್ದು ಕನ್ನಡಿಯ ಬೆನ್ನು ಮತ್ತು ಒಂದು ಕೈ. ಎರಡು ಕೈಯ ಮಾತು ಕಾಣಬೇಕಾದರೆ ಅವನು ಕೂತಲ್ಲೇ ಕೂರಬೇಕಿತ್ತು. ಅಷ್ಟು ದಿನಗಳ ಮೇಲೆ ಗಂಡ ಬಾಯ್ತುಂಬ ಮಾತಾಡುತ್ತಿದ್ದ, ತನ್ನೊಡನೆ ಅಲ್ಲ. ಮೇಡಂ ಪೆಟ್ಟಿಗೆ ತೆಗೆದಾಗ ಅವನು ಬಲಗೈಯ ಕಡೆ ನೋಡಿದ. ಅದು ಮೇಜಿನ ಮೇಲೆ ಇಟ್ಟ ಹಾಗೇ ಬಿದ್ದಿತ್ತು.

ಕೊನೆಗೆ ನರ ಚಿಗುರಿತು. ಒಂದು ಮಧ್ಯಾಹ್ನ ವ್ಯಾಯಾಮದ ಮಧ್ಯೆ ಗಂಟಲು ಕೆರೆದು ಅವನು ಕೆಮ್ಮಿದ. ಉಸಿರಿನ ನರ ಈಗ ತೋಳಿಗೆ ಕೂಡಿತ್ತಲ್ಲ, ಮೊಣಕೈ ಮಡಚಿ ಕೈ ತಾನಾಗಿ ಒಂದು ಗೇಣು ಮೇಲಕ್ಕೆದ್ದಿತು.

"ಬಂತು! ಬಂತಲ್ಲ!" ಮೇಡಂ ಚಪ್ಪಾಳೆ ತಟ್ಟಿದರು. "ಇನ್ನೊಂದ್ಸಲ ಕೆಮ್ಮಿ! ಉಸಿರೆಳ್ಕೊಳಿ!"

ಕೆಮ್ಮಿದಾಗಲೆಲ್ಲ ಕೈ ಎದ್ದಿತು. ಪಕ್ಕದ ಮಂಚಗಳಲ್ಲಿದ್ದವರೂ ಎದ್ದು ಕೂತು ನಕ್ಕರು. ಅವಳು ಅಳುತ್ತ ನಗುತ್ತಿದ್ದಳು. ವಾಚಾಳಿ ಎಡಗೈಯಿಂದ ಅವಳ ಸೀರೆ ಜಗ್ಗಿದ. ಮೇಡಂ ಕಡೆ ತೋರಿಸಿದ. "ಕೇಳು. ಬೆರಳು ಯಾವಾಗ?"

ಅವಳು ಮೇಡಂ ಕಡೆ ತಿರುಗಿ, "ಮನೇಲಿ ಇನ್ನೇನು ಮಾಡಿಸ್ಬೇಕು ಅಂತ ಕೇಳ್ತಿದಾರೆ ಮೇಡಂ," ಅಂದಳು.

ಆದರೆ ಮೇಡಂ ಅವನ ಕೈಯನ್ನೇ ನೋಡುತ್ತಿದ್ದರು. ಬೆರಳು ಆಡಿಸಿ ಹುಬ್ಬು ಹಾರಿಸಿ ಕೇಳಿದ ಪ್ರಶ್ನೆಗೆ ಯಾವ ಭಾಷೆಯೂ ಬೇಕಿರಲಿಲ್ಲ. "ಬೆರಳಿನ ವಿಷಯ ಅಲ್ವಾ ಅವರು ಕೇಳಿದ್ದು? ಯಾಕಮ್ಮ, ನೀವು ಹೇಳಿಲ್ವಾ?"

ಮೇಡಂ ಅವನೆದುರು ಕುರ್ಚಿ ಎಳೆದುಕೊಂಡು ಕೂತರು. ಕೂಗಲಿಲ್ಲ. ತಮ್ಮ ಮೊಣಕೈ ಮುಟ್ಟಿ ಮಡಚಿ ತೋರಿಸಿ ತಲೆ ಹೂಂ ಎಂದು ಆಡಿಸಿದರು. ಆಮೇಲೆ ತಮ್ಮ ಐದು ಬೆರಳು ಹಿಡಿದು ತೋರಿಸಿ, ನಿಧಾನಕ್ಕೆ ತಲೆಯನ್ನು ಅತ್ತಿತ್ತ ಅಲ್ಲಾಡಿಸಿದರು. ಇಲ್ಲ. ಬರುವುದಿಲ್ಲ.

ಅವನು ಹೆಂಡತಿಯ ಕಡೆ ತಿರುಗಿದ. ಅವಳು ಅಲ್ಲ ಅನ್ನಲಿ ಎಂದು ಕಾದ. ಅವಳ ಎರಡೂ ಕೈ ಸೆರಗಿನೊಳಗೆ ಸೇರಿಕೊಂಡಿದ್ದವು.

ಬಸ್ಸಿನಲ್ಲಿ ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದ. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ, ಅವಳಿಗೆ ಒಂದು ತಪ್ಪೂ ಆಗದಂತೆ, ನಿಧಾನಕ್ಕೆ, ಎಡಗೈ ಒಂದರಲ್ಲೇ ಹೇಳಿದ. "ಬಾಯಲ್ಲಿ ಸುಳ್ಳು ಹೇಳೋರನ್ನ ತುಂಬ ನೋಡಿದೀನಿ. ನೀನು ಕೈಯಲ್ಲಿ ಹೇಳಿದೆ."

ಮರುದಿನದಿಂದ ಅವನು ಫಿಸಿಯೋಥೆರಪಿಗೆ ಬರಲಿಲ್ಲ. ಅವಳು ಬೇಡಿದಳು, ಬೈದಳು, ಅಮ್ಮನನ್ನು ಕರೆಸಿದಳು. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು. ಅವಳೇ ಹೋಗಿ ಮೇಡಂ ಮುಂದೆ ನಿಂತಳು.

"ನನ್ನಿಂದ ಹೀಗಾಯ್ತು ಮೇಡಂ."

"ನೀವು ಹೇಳಿದ್ರೂ ಬೆರಳು ಬರ್ತಿರಲಿಲ್ಲ, ಹೇಳದಿದ್ರೂ ಬರ್ತಿರಲಿಲ್ಲ," ಅಂದರು ಮೇಡಂ. "ಆದ್ರೆ ಕರ್ಕೊಂಡು ಬನ್ನಿ. ಮೊಣಕೈ ಈಗ್ತಾನೇ ಕಣ್ಣು ಬಿಟ್ಟಿದೆ. ಕೆಲಸ ಕೊಡದಿದ್ರೆ ಅದೂ ಮಲಗಿಬಿಡುತ್ತೆ."

ಅವನು ಹೋಗಲಿಲ್ಲ. ಚಳಿಗಾಲ ಬಂದು ನೆಗಡಿ ಹಿಡಿಯಿತು. ಬಸ್‌ಸ್ಟಾಪಿನಲ್ಲಿ ನಿಂತಾಗ ಒಂದೊಂದು ಕೆಮ್ಮಿಗೂ ಕುತ್ತಿಗೆಗೆ ತೂಗುಹಾಕಿದ ಜೋಳಿಗೆಯಂಥ ಪಟ್ಟಿಯೊಳಗಿಂದ ಬಲಗೈ ಸೊಟ್ಟಕ್ಕೆ ಮೇಲೇಳುತ್ತಿತ್ತು. ಎದುರಿನಿಂದ ಬರುತ್ತಿದ್ದ ಮುದುಕರೊಬ್ಬರು ತಮಗೇ ನಮಸ್ಕಾರ ಮಾಡಿದನೆಂದು ತಿಳಿದು ಕೈಯೆತ್ತಿ ಮುಗುಳ್ನಕ್ಕು ಹೋದರು. ಹಿಂದಿನ ವಾಚಾಳಿಯಾಗಿದ್ದರೆ ಅದನ್ನೇ ಕತೆ ಮಾಡಿ ವರ್ಷವಿಡೀ ನಗಿಸುತ್ತಿದ್ದ. ಅವಳು ಆಸೆಯಿಂದ ಅವನ ಮುಖ ನೋಡಿದಳು. ಅವನು ಎಡಗೈಯಲ್ಲಿ ಬಲಗೈಯನ್ನು ಹಿಡಿದು ಕೆಳಕ್ಕೆ ಒತ್ತಿಕೊಂಡ. ವಸಂತದ ಹೊತ್ತಿಗೆ ಕೆಮ್ಮಿದರೂ ಕೈ ಏಳುವುದು ಕಡಿಮೆಯಾಯಿತು.

ಯಾರೋ ಹೇಳಿ ಅವನಿಗೆ ಸೈಕಲ್ ಸ್ಟ್ಯಾಂಡಿನಲ್ಲಿ ಕೆಲಸ ಸಿಕ್ಕಿತು. ಮಾತು ಬೇಡದ ಕೆಲಸ. ಊಟದ ಡಬ್ಬಿ ಕೊಡಲು ಹೋದ ದಿನ ಅವಳು ರಸ್ತೆಯ ಆಚೆಯಿಂದ ನೋಡುತ್ತ ನಿಂತಳು. ಒಬ್ಬ ಬಂದು ಏನೋ ಕೇಳಿದ. ವಾಚಾಳಿ ಕಿವಿ ಮುಟ್ಟಿ ಇಲ್ಲವೆಂದು ತಲೆಯಾಡಿಸಿದ. ಆ ಮನುಷ್ಯ ಪಾಪ ಕೈಸನ್ನೆಯಲ್ಲೇ ಮತ್ತೆ ಕೇಳಿದ, ಚೆನ್ನಾಗಿಯೇ ಕೇಳಿದ, ರಸ್ತೆಯಾಚೆ ನಿಂತ ಅವಳಿಗೂ ತಿಳಿಯಿತು. ವಾಚಾಳಿ ಅವನನ್ನು ಗೋಡೆ ನೋಡಿದ ಹಾಗೆ ನೋಡಿ ಬೇರೆ ಕಡೆ ತಿರುಗಿದ.

ಅವಳು ದಾಟಿ ಹೋಗಿ ಪಕ್ಕದ ಬೆಂಚಿನಲ್ಲಿ ಕೂತಳು. ಅವನು ಉಂಡ. ಉಂಡಾದ ಮೇಲೆ ಅವಳು ಅವನ ಬಲಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಬೆರಳುಗಳನ್ನು ಬಿಡಿಸತೊಡಗಿದಳು. ಅವು ಒಳಕ್ಕೆ ಮುದುಡಿಕೊಂಡು ಬಿಗಿಯಾಗಿದ್ದವು. ಅವನು ತಡೆಯಲಿಲ್ಲ. ಅವಳು ಕೈಬಿಟ್ಟು ಅವನ ಮುಖದ ಮುಂದೆ ಹೇಳಲು ಹೊರಟಳು, "ನಾನು ಅವತ್ತು..." ಅಷ್ಟರಲ್ಲಿ ಅವನು ಕಣ್ಣು ಮುಚ್ಚಿದ. ಅವಳು ಕಾದಳು. ಕಚಗುಳಿಯಿಡಲು ಕೈ ಏಳಲಿಲ್ಲ.

ಮತ್ತೆ ಆ ಕೈಯನ್ನೇ ಎತ್ತಿಕೊಂಡಳು. ಹೆಬ್ಬೆರಳು, ತೋರುಬೆರಳು. ಬಾಯಿ ಬಿಟ್ಟು, ಪಕ್ಕದವರಿಗೆ ಕೇಳಿಸುವಷ್ಟು ಜೋರಾಗಿ, "ತಪ್ಪಾಯ್ತು ಕಣೋ, ತಪ್ಪಾಯ್ತು," ಅಂದಳು. ಸೈಕಲ್ ತೆಗೆದುಕೊಳ್ಳಲು ಬಂದ ಹೆಂಗಸೊಬ್ಬಳು ತಿರುಗಿ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡೇ ಇದ್ದ. ಅವಳು ನಡುಬೆರಳನ್ನು ಹಿಡಿದು ಬಿಡಿಸಿದಳು, ಬಿಟ್ಟೊಡನೆ ಅದು ಮತ್ತೆ ಮುದುಡಿಕೊಂಡಿತು.