ಏಳು ಜನ ಕೂತ ನೊರೆ ಬೀಮು

ನೊರೆ ಕಾಂಕ್ರೀಟ್ ಅಂದರೆ ಸಾಬೂನಿನ ಬುರುಗಲ್ಲ ಎಂದು ನಮ್ಮ ಮನೆಯವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಸಿಮೆಂಟಿಗೆ ನೊರೆ ಬೆರೆಸಿದರೆ ಒಳಗೆಲ್ಲ ಗಾಳಿಗುಳ್ಳೆ ಉಳಿದು ಬೀಮು ಹಗುರವಾಗುತ್ತದೆ. ಭಾರಕ್ಕೆ ಬಾಗಿದಾಗ ತಳ ಸೀಳದಿರಲಿ ಎಂದು ಅಲ್ಲಿ ಕಬ್ಬಿಣದ ಕಂಬಿ ಇಡುತ್ತೇವೆ. ನೊರೆ ನನ್ನ ಅಕ್ಕನ ಕೆಲಸ, ಕಂಬಿ ನನ್ನದು. ಮೂರು ವರ್ಷದಿಂದ ನಮ್ಮ ಶೆಡ್ಡಿನಲ್ಲಿ ಇದೇ ಗುದ್ದಾಟ.

ಅಂದು ಶಾಲೆ ಕಟ್ಟಿಸುತ್ತಿದ್ದ ಇಂಜಿನಿಯರ್ ಬಂದಿದ್ದರು. ಬೀಮಿನ ನಡುವೆ ಐನೂರು ಕಿಲೋ ಹೇರಿ ಹತ್ತು ಎಣಿಸುವವರೆಗೆ ಅದು ಮುರಿಯದಿದ್ದರೆ ಚಾವಣಿ ಕೆಲಸ ಅಕ್ಕನಿಗೆ. ಮುರಿದರೆ ಶೆಡ್ಡಿಗೆ ಬೀಗವೇ ಗತಿ. ಅಕ್ಕ ಬೆಳಗಿನಿಂದ ಹನಿ ನೀರೂ ಕುಡಿದಿರಲಿಲ್ಲ.

ಮರಳಿನ ಮೂಟೆ ತರಬೇಕಾದ ಲಾರಿ ಕೈಕೊಟ್ಟಿತು. ಇಂಜಿನಿಯರ್ ಗಡಿಯಾರ ನೋಡತೊಡಗಿದರು.

"ಮರಳಿಲ್ದಿದ್ರೆ ಏನೀಗ? ನಾವಿಲ್ವಾ?" ಎಂದರು, ಮಜಾ ನೋಡಲು ಬಂದಿದ್ದ ಅತ್ತೆ.

ಬೀಮನ್ನು ನೆಲದಿಂದ ಒಂದಡಿ ಎತ್ತರದಲ್ಲಿಟ್ಟು, ನಡುವೆ ಹಲಗೆ ಬಿಗಿದು, ಕೆಳಗೆ ಹಳೆಯ ಹಾಸಿಗೆ ಹಾಸಿದೆವು. ಅಕ್ಕ ತೂಕದ ಯಂತ್ರ ಎಳೆದು ತಂದದ್ದೇ ತಡ, ಅತ್ತೆ ಮುಖ ಊದಿಸಿಕೊಂಡರು. "ಬಾಯಲ್ಲಿ ಹೇಳಿದ್ರೆ ಸಾಲ್ದೇನೇ? ನಾನೇನು ಸಿಮೆಂಟ್ ಮೂಟೆನಾ?"

ಸರಿ, ಬಾಯಲ್ಲಿ ಹೇಳಿದ್ದನ್ನೇ ಬರೆದುಕೊಂಡೆವು. ಅತ್ತೆ ಐವತ್ತೆಂಟು. ಅವರ ಗಂಡ, ಕಡ್ಡಿಯಂತಿದ್ದ ಮಾವ, ಎದೆಯುಬ್ಬಿಸಿ ಎಪ್ಪತ್ತೆರಡು. ಭಾವ ಅರವತ್ತೆಂಟು, ಚಿಕ್ಕಮ್ಮ ಐವತ್ತೈದು, ಗಾರೆಯವರಿಬ್ಬರು ಅರವತ್ತೈದು, ಎಪ್ಪತ್ತು. ನಾನು ಅರವತ್ತಾರು. ಅವಸರದಲ್ಲಿ ಕೂಡಿ ನೋಡಲು ಯಾರಿಗೂ ಹೊಳೆಯಲಿಲ್ಲ.

ಒಬ್ಬೊಬ್ಬರಾಗಿ ಹತ್ತಿ ಕೂತೆವು. ಬೀಮು ಮೆಲ್ಲಗೆ ಬಾಗಿತು. ಇಂಜಿನಿಯರ್ ಹತ್ತರವರೆಗೆ ಎಣಿಸಿದ ಮರುಗಳಿಗೆ ಲಟಕ್! ಏಳು ಜನವೂ ಹಾಸಿಗೆಯ ಮೇಲೆ ರಾಶಿ ಬಿದ್ದೆವು.

"ಒಟ್ಟು ನಾನೂರ ಐವತ್ನಾಲ್ಕು. ನಲವತ್ತಾರು ಕಡಿಮೆ ಬಿತ್ತಲ್ಲಮ್ಮ," ಎಂದು ಇಂಜಿನಿಯರ್ ಪುಸ್ತಕ ಮುಚ್ಚಿದರು. ಅಕ್ಕ ಮುರಿದ ಬೀಮಿನ ಪಕ್ಕ ಕುಸಿದು ಕೂತು ಅತ್ತೇಬಿಟ್ಟಳು.

ಆದರೆ ಎದ್ದು ಹೋಗಿ ಸಮಾಧಾನ ಮಾಡಲು ನನಗೆ ಆಗಲಿಲ್ಲ, ಅತ್ತೆ ನನ್ನ ಮೇಲಿದ್ದರು. ದಿನವೂ ಐವತ್ತು ಕಿಲೋದ ಮೂಟೆ ಹೊರುವ ಬೆನ್ನು ನನ್ನದು, ಲೆಕ್ಕ ತಪ್ಪುವುದಿಲ್ಲ.

"ಸಾರ್, ಇದು ಐವತ್ತೆಂಟಲ್ಲ!" ಎಂದು ಕಿರುಚಿದೆ.

ಅತ್ತೆ ಕೆಂಡಾಮಂಡಲವಾದರು. ಆಮೇಲೆ ಅಕ್ಕನ ಮುಖ ನೋಡಿದರು. "ಹಾಳಾಗ್ಲಿ, ತೂಗ್ರೋ," ಎಂದು ಯಂತ್ರ ಹತ್ತಿದರು. ಎಂಬತ್ಮೂರು! ಭಾವ ಎಪ್ಪತ್ತೊಂಬತ್ತು, ಚಿಕ್ಕಮ್ಮ ಅರವತ್ತಾರು. ಗಾರೆಯವರು ಮಾತ್ರ ಹೇಳಿದಷ್ಟೇ ಇದ್ದರು. ಅಕ್ಕ ಕಣ್ಣೊರೆಸಿಕೊಂಡು ಎದ್ದಳು. ಅಷ್ಟರಲ್ಲಿ ಮಾವ ಹತ್ತಿದರು: ಅರವತ್ತೊಂದು.

"ಉಳಿದ ಹನ್ನೊಂದು ಕಿಲೋ ಎಲ್ರೀ?" ಎಂದರು ಅತ್ತೆ.

ನನ್ನ ಅರವತ್ತಾರು ಸೇರಿಸಿದರೂ ನಾನೂರ ತೊಂಬತ್ತು. ಇನ್ನೂ ಹತ್ತು ಬೇಕು. ಎಲ್ಲರೂ ನನ್ನ ಕಡೆ ತಿರುಗಿದರು.

ತೂಕ ಇಳಿಸು ಎಂದು ಡಾಕ್ಟರ್ ಬೈದಾಗಿನಿಂದ, ನಾಲ್ಕು ತಿಂಗಳು, ಅಕ್ಕ ನನಗೆ ಬರೀ ಬೇಯಿಸಿದ ತರಕಾರಿ ಬಡಿಸುತ್ತಿದ್ದಳು. ನನಗೆ ಬೇಜಾರಾಗದಿರಲೆಂದು ತಾನೂ ಅದನ್ನೇ ತಿನ್ನುತ್ತಿದ್ದಳು. ನಾನೋ ದಿನಾ ಸಂಜೆ ಮೂಲೆಯ ಹೋಟೆಲಿನಲ್ಲಿ ಕರಿದದ್ದನ್ನು ಬಾರಿಸಿ ಬಂದು, ವಾರಕ್ಕೊಮ್ಮೆ "ಒಂದು ಕಿಲೋ ಇಳೀತು ಅಕ್ಕ" ಎನ್ನುತ್ತಿದ್ದೆ. ಅವಳು ಖುಷಿಪಡುತ್ತಿದ್ದಳು. ಥೂ, ನನ್ನ ಜನ್ಮಕ್ಕಿಷ್ಟು!

ಕಣ್ಣು ಮುಚ್ಚಿಕೊಂಡು ಹತ್ತಿದೆ.

"ಎಪ್ಪತ್ತೆಂಟು," ಎಂದರು ಇಂಜಿನಿಯರ್. "ಒಟ್ಟು ಐನೂರೆರಡು. ಚಾವಣಿ ನಿಮ್ದೇ ಕಣಮ್ಮ."

ಶೆಡ್ಡಿಗೆ ಶೆಡ್ಡೇ ಕೂಗಿತು. ಅಕ್ಕ ನನ್ನ ಕಡೆ ಬಂದಳು. ಕೆನ್ನೆಗೆ ಬೀಳುತ್ತದೆಂದು ಹಲ್ಲು ಕಚ್ಚಿ ನಿಂತೆ. ಅವಳು ನನ್ನ ತೋಳು ಹಿಡಿದು ಪಕ್ಕಕ್ಕೆಳೆದಳು.

"ಯಾವ ಹೋಟ್ಲೋ?"

"ಮೂಲೆದು, ಅಕ್ಕ. ತಪ್ಪಾಯ್ತು."

"ನಡಿ, ನನ್ನೂ ಕರ್ಕೊಂಡು ಹೋಗು," ಎಂದಳು. "ನಾಲ್ಕು ತಿಂಗ್ಳಿಂದ ನಾಲಿಗೆ ಸತ್ತೋಗಿದೆ ಕಣೋ!"